ವಿಮಾನ ನಿಲ್ದಾಣದಲ್ಲಿ ಬೀಡಿಗೆ ತಾವೆಲ್ಲಿ?

ಮಕ್ಕಳು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೌಕರಿ ಹಿಡಿದು ನೆಲೆ ನಿಂತ ಮೇಲೆ, ಹೆತ್ತವರನ್ನು ಒಮ್ಮೆಯಾದರೂ ವಿಮಾನ ಹತ್ತಿಸಿ ಹೊರದೇಶ ತೋರಿಸಿ ತರಬೇಕೆಂಬ ಹಂಬಲ ನಮ್ಮ ಮನೆತನಗಳಲ್ಲಿ ಈಗ ಸಾಮಾನ್ಯವಾಗಿದೆ. ಸಿರುಗುಪ್ಪ ಸೀಮೆಯ ದೇಶನೂರಿನಂಥ ಭತ್ತದ ನಾಡಿನ ಊರುಗಳೂ ಇದಕ್ಕೆ ಹೊರತಲ್ಲ. ಹತ್ತಿರದ ದೇಶವೆಂದು ಥಾಯ್ಲೆಂಡಿನ ಹೆಸರು ಮೊದಲು ಕೇಳಿಬರುತ್ತದೆ. ಪಾಸ್‌ಪೋರ್ಟು, ಟಿಕೆಟ್ಟು, ಅಲ್ಲಿ ಶಾಕಾಹಾರ ದೊರೆಯುವುದೋ ಇಲ್ಲವೋ ಎಂಬುದನ್ನೆಲ್ಲ ಹತ್ತು ಸಲ ವಿಚಾರಿಸುವ ಮನೆಮಂದಿ ಒಂದು ಸಂಗತಿಯನ್ನು ಮಾತ್ರ ಎತ್ತುವುದೇ ಇಲ್ಲ. ಅದು ಹಿರಿಯರ ಬೀಡಿಯ ಸಂಗತಿ. ತಂದೆಯ ಎದುರು ಆ ಮಾತು ತೆಗೆಯಲು ಮಗನಿಗೆ ಸಂಕೋಚ. ಮಗನನ್ನು ಕೇಳಲು ತಂದೆಗೂ ಸಂಕೋಚ. ಸೊಸೆಯ ಮುಂದಂತೂ ಆ ಪ್ರಸ್ತಾಪವೇ ಬರುವುದಿಲ್ಲ.

ಈ ಮೌನ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 2023ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಪ್ರಕರಣವೊಂದಿದೆ. ಅಹಮದಾಬಾದಿನಿಂದ ಬಂದ ವಿಮಾನದ ಶೌಚಾಲಯದಲ್ಲಿ ಬೀಡಿ ಸೇದಿದ ರಾಜಸ್ಥಾನದ ಪ್ರಯಾಣಿಕರೊಬ್ಬರನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪೊಲೀಸರು ಬಂಧಿಸಿದರು. ವಯಸ್ಸು 56. ಅವರಿಗೆ ಅದು ಮೊದಲ ವಿಮಾನ ಪ್ರಯಾಣ. ರೈಲಿನ ಶೌಚಾಲಯದಲ್ಲಿ ಸೇದುವ ರೂಢಿಯಿತ್ತು, ಇಲ್ಲಿಯೂ ನಡೆಯುತ್ತದೆಂದು ಭಾವಿಸಿದೆ ಎಂದು ಅವರು ಹೇಳಿದರೆಂದು ಪತ್ರಿಕೆಗಳು ವರದಿ ಮಾಡಿದವು. ಓದಿದವರು ಅನೇಕರು ನಕ್ಕರು. ನಮಗೆ ನಗು ಬರಲಿಲ್ಲ. ನಮ್ಮ ಮನೆಗಳಲ್ಲಿಯೂ ಇಂಥ ಹಿರಿಯರು ಇದ್ದಾರೆ. ಅವರಿಗೆ ಹೇಳುವವರು ಇಲ್ಲ, ಅಷ್ಟೇ.

ಮೊದಲು ಹೊತ್ತಿನ ಲೆಕ್ಕ ಹಾಕೋಣ. ಹೊರದೇಶದ ವಿಮಾನಕ್ಕೆ ಸುಮಾರು ಮೂರು ತಾಸು ಮುಂಚೆ ನಿಲ್ದಾಣ ಸೇರಬೇಕು. ಬೆಂಗಳೂರಿನಿಂದ ಬ್ಯಾಂಕಾಕಿಗೆ ಹೆಚ್ಚುಕಡಿಮೆ ನಾಲ್ಕು ತಾಸಿನ ಹಾರಾಟ. ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲು, ಸಾಮಾನಿನ ಕಾಯುವಿಕೆ. ಎಲ್ಲ ಸೇರಿ ಎಂಟು ತಾಸು. ಗದ್ದೆಯ ಬದುವಿನ ಮೇಲೆ ತಾಸಿಗೊಂದು ಬೀಡಿ ಹಚ್ಚುವವರಿಗೆ ಇದು ಸಣ್ಣ ಅವಧಿಯಲ್ಲ.

ಈ ನಡುವೆ ಸೇದಲು ಜಾಗವುಂಟೇ? ಭಾರತದ 2003ರ ತಂಬಾಕು ನಿಯಂತ್ರಣ ಕಾಯಿದೆಯು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದೆ. ಬೀಡಿಯೂ ಅದರಲ್ಲಿ ಸೇರಿದೆ. ಸಿಗರೇಟಿಗೆ ಮಾತ್ರ ಈ ಕಾಯಿದೆ ಎಂಬ ತಿಳಿವಳಿಕೆ ಸರಿಯಲ್ಲ. ಆದರೆ ವಿಮಾನ ನಿಲ್ದಾಣಗಳು ಪ್ರತ್ಯೇಕ ಧೂಮಪಾನದ ಕೊಠಡಿಯನ್ನು ಏರ್ಪಡಿಸಬಹುದೆಂದು ಅದೇ ಕಾಯಿದೆ ಅವಕಾಶ ಕೊಟ್ಟಿದೆ. ಏರ್ಪಡಿಸಬಹುದು, ಏರ್ಪಡಿಸಲೇಬೇಕೆಂದಿಲ್ಲ. ಆದ್ದರಿಂದ ಒಂದು ನಿಲ್ದಾಣದಲ್ಲಿ ಇರುವುದು ಇನ್ನೊಂದರಲ್ಲಿ ಇರದು. ಒಳಹೊಕ್ಕ ಕೂಡಲೇ ಅಲ್ಲಿನ ಸಿಬ್ಬಂದಿಯನ್ನು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಕೊಠಡಿ ಬಿಟ್ಟು ಬೇರೆಡೆ ಹಚ್ಚಿದರೆ ದಂಡ. ಕರ್ನಾಟಕದಲ್ಲಿ 200 ರೂಪಾಯಿ ಇದ್ದ ಆ ದಂಡವನ್ನು 2025ರ ಮೇ ತಿಂಗಳಲ್ಲಿ ಪ್ರಕಟವಾದ ತಿದ್ದುಪಡಿಯು 1000 ರೂಪಾಯಿಗೆ ಏರಿಸಿತು. ಕಡ್ಡಿಪೆಟ್ಟಿಗೆಯ ಮಾತೂ ಉಂಟು. ನಮ್ಮ ದೇಶದ ವಿಮಾನಗಳಿಗೆ ಬೆಂಕಿಕಡ್ಡಿಯನ್ನಾಗಲಿ ಲೈಟರನ್ನಾಗಲಿ ಕೈಚೀಲದಲ್ಲಿಯೂ ಒಯ್ಯುವಂತಿಲ್ಲ, ಒಪ್ಪಿಸುವ ಪೆಟ್ಟಿಗೆಯಲ್ಲಿಯೂ ಇಡುವಂತಿಲ್ಲ. ಅಂಗಿಯ ಜೇಬನ್ನು ಮನೆಯಲ್ಲಿಯೇ ಬರಿದು ಮಾಡಿಕೊಂಡರೆ ತಪಾಸಣೆಯ ಸಾಲಿನಲ್ಲಿ ಹತ್ತು ಜನರ ಮುಂದೆ ತೆಗೆದಿಡುವ ಮುಜುಗರ ತಪ್ಪುತ್ತದೆ.

ಥಾಯ್ಲೆಂಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2019ರ ಫೆಬ್ರವರಿ 3ರಿಂದ ಅಲ್ಲಿನ ಆರು ದೊಡ್ಡ ವಿಮಾನ ನಿಲ್ದಾಣಗಳ ಕಟ್ಟಡದೊಳಗಿನ ಧೂಮಪಾನದ ಕೊಠಡಿಗಳನ್ನೇ ಮುಚ್ಚಲಾಯಿತು. ಬ್ಯಾಂಕಾಕಿನ ಸುವರ್ಣಭೂಮಿ (ಹೆಸರು ನಮ್ಮದೇ ಎನಿಸುವಷ್ಟು ಹತ್ತಿರದ್ದು!), ಡಾನ್ ಮುಯಾಂಗ್, ಫುಕೆಟ್, ಚಿಯಾಂಗ್ ಮಾಯ್, ಚಿಯಾಂಗ್ ರಾಯ್, ಹಾಟ್ ಯಾಯ್ ಇವೇ ಆ ಆರು. ಸೇದಬೇಕೆನ್ನುವವರು ಕಟ್ಟಡದ ಹೊರಗೆ ಗುರುತು ಹಾಕಿದ ಜಾಗಕ್ಕೆ ಹೋಗಬೇಕು. ತಪ್ಪಿದರೆ 5000 ಬಾತ್‌ವರೆಗೆ ದಂಡ ಎಂದು ಆಗ ಸಾರಲಾಯಿತು. ಬಾತ್ ಎಂಬುದು ಅಲ್ಲಿಯ ನಾಣ್ಯ, ನಮ್ಮ ರೂಪಾಯಿಗಿಂತ ಬೆಲೆ ಹೆಚ್ಚು. ಮರಳುವಾಗ ಇದನ್ನು ಮುಖ್ಯವಾಗಿ ನೆನೆಯಬೇಕು: ಸೇದುವುದಿದ್ದರೆ ತಪಾಸಣೆಗೆ ಒಳಹೋಗುವ ಮುನ್ನವೇ ಹೊರಗೆ ಮುಗಿಸಿಕೊಳ್ಳಬೇಕು.

ಇದ್ದ ಕೊಠಡಿಗಳನ್ನು ಮುಚ್ಚುವುದು ಅತಿಯಾಯಿತೆಂದು ಸೇದುವವರಿಗೆ ಅನ್ನಿಸಬಹುದು. ಆದರೆ ಹೊಗೆ ಬಾಗಿಲ ಮಾತು ಕೇಳುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಕೊಠಡಿಗಳಿದ್ದ ಐದು ವಿಮಾನ ನಿಲ್ದಾಣಗಳಲ್ಲಿ ಕೊಠಡಿಯ ಹೊರಗೆ, ಪಕ್ಕದ ಜಾಗದ ಗಾಳಿಯಲ್ಲಿಯೇ, ಹೊಗೆರಹಿತ ನಿಲ್ದಾಣಗಳಿಗಿಂತ ಐದು ಪಟ್ಟು ಮಾಲಿನ್ಯವಿತ್ತು. ಕೊಠಡಿಯ ಒಳಗೆ ಇಪ್ಪತ್ತಮೂರು ಪಟ್ಟು. ತಾತನಿಗೆ ಹತ್ತಿರವಾಗಲೆಂದು ಮೊಮ್ಮಕ್ಕಳೊಡನೆ ಆ ಬಾಗಿಲ ಪಕ್ಕದ ಕುರ್ಚಿಗಳಲ್ಲಿ ಕುಳಿತುಕೊಳ್ಳುವ ತಾಯಂದಿರು ಇದನ್ನು ಗಮನಿಸಬೇಕು.

ಇನ್ನು ವಿಮಾನದ ಒಳಗೆ. ಅಲ್ಲಿ ಯಾವ ಜಾಗವೂ ಇಲ್ಲ, ಯಾವ ವಿನಾಯಿತಿಯೂ ಇಲ್ಲ. 1973ರ ಜುಲೈ 11ರಂದು ಬ್ರೆಜಿಲ್ ದೇಶದ ವಿಮಾನವೊಂದು ಪ್ಯಾರಿಸ್ ಸಮೀಪಿಸುತ್ತಿದ್ದಾಗ ಹಿಂಬದಿಯ ಶೌಚಾಲಯದಲ್ಲಿ ಬೆಂಕಿ ಹತ್ತಿತು. ಸಿಗರೇಟಿನ ತುಂಡೇ ಕಾರಣವಿರಬಹುದೆಂಬ ಶಂಕೆಯಿತ್ತು. ತುರ್ತಾಗಿ ಹೊಲವೊಂದರಲ್ಲಿ ಇಳಿಸಿದರೂ 123 ಜನ ಮಡಿದರು. ಬಹುಪಾಲು ಜನರ ಸಾವಿಗೆ ಕಾರಣ ಹೊಗೆ. ಇಂದಿಗೂ ವಿಮಾನದ ಶೌಚಾಲಯದಲ್ಲಿ ಬೂದಿ ತಟ್ಟುವ ಚಿಕ್ಕ ಬಟ್ಟಲು ಕಾಣುತ್ತದೆ. ಅದು ಸೇದಲು ಅನುಮತಿಯಲ್ಲ. ನಿಯಮ ಮೀರಿ ಯಾರಾದರೂ ಹಚ್ಚಿಬಿಟ್ಟರೆ ಉರಿವ ತುಂಡು ಕಾಗದದ ಬುಟ್ಟಿಗೆ ಬೀಳದಿರಲೆಂದು ಇಟ್ಟದ್ದು. ಮೊದಲ ಸಲ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಹಾಗಾದರೆ ಎಂಟು ತಾಸು ಕಳೆಯುವುದು ಹೇಗೆ? ಸೇದಬೇಕೆಂಬ ತುಡಿತ ಏರಿ ಬಂದರೂ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ನೀರು ಕುಡಿಯುವುದು, ಎದ್ದು ನಾಲ್ಕು ಹೆಜ್ಜೆ ಓಡಾಡುವುದು, ಏಲಕ್ಕಿ ಲವಂಗ ಬಾಯಿಗೆ ಹಾಕಿಕೊಳ್ಳುವುದು ನೆರವಾಗುತ್ತವೆ. ಔಷಧಿ ಅಂಗಡಿಯಲ್ಲಿ 2 ಮಿಲಿಗ್ರಾಂ ನಿಕೋಟಿನ್ ಇರುವ ಅಗಿಯುವ ಗುಳಿಗೆ ದೊರೆಯುತ್ತದೆ. ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಕೊಳ್ಳಬೇಕು. ಅದನ್ನು ಎಲೆ ಅಡಿಕೆಯಂತೆ ಒಂದೇ ಸಮನೆ ಜಗಿಯಬಾರದು. ನಾಲ್ಕು ಸಲ ಅಗಿದು, ಖಾರ ಹತ್ತಿದೊಡನೆ ದವಡೆಯಲ್ಲಿ ಒತ್ತಿಟ್ಟುಕೊಳ್ಳಬೇಕು. ಕೆಲವು ಮಕ್ಕಳು ಉಪಕಾರವೆಂದು ತಂದೆಗೆ ವಿದ್ಯುತ್ ಸಿಗರೇಟು ಕೊಡಿಸಲು ಮುಂದಾಗುತ್ತಾರೆ. ಬೇಡ. ಅದರ ಮಾರಾಟವನ್ನು ಭಾರತ 2019ರಲ್ಲಿ ನಿಷೇಧಿಸಿತು. ಥಾಯ್ಲೆಂಡಿನೊಳಕ್ಕೆ ಒಯ್ಯುವುದೂ ಅಪರಾಧವೇ.

ಹೊರಡುವ ಹದಿನೈದು ದಿನ ಮೊದಲೇ ತಂದೆಯೊಡನೆ ಕುಳಿತು, ಆಕ್ಷೇಪಣೆಯ ದನಿಯಿಲ್ಲದೆ ಇದನ್ನೆಲ್ಲ ಮಾತನಾಡಬೇಕು. ಮಗ ಹೇಳಲಾರನೆಂದರೆ ಮೊಮ್ಮಗಳು ಹೇಳಲಿ. ಅವಳ ಮಾತು ಹಿರಿಯರು ಬೇಗ ಕೇಳುತ್ತಾರೆ. ಈ ನೆಪದಲ್ಲಿ ಬಿಟ್ಟೇಬಿಡುವ ಮನಸ್ಸಾದವರಿಗೆ ಕೇಂದ್ರ ಆರೋಗ್ಯ ಇಲಾಖೆಯ ಉಚಿತ ದೂರವಾಣಿ ಸಂಖ್ಯೆ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್ 2018ರಿಂದ ಈ ಸೇವೆಯ ಭಾಗವಾಗಿದ್ದು, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.