ತೆರಿಗೆ ಒಂದೇ, ಭಾರ ಒಂದೇ ಅಲ್ಲ

ಹೊಗೆ ಉಗುಳುವವನು ಅದರ ಬೆಲೆ ತೆರಬೇಕೆಂಬ ತತ್ವದಲ್ಲಿ ತಪ್ಪಿಲ್ಲ. ನಮ್ಮಲ್ಲಿ ಪೆಟ್ರೋಲು, ಡೀಸೆಲ್‌ಗಳ ಮೇಲೆ ಇಂಗಾಲ ತೆರಿಗೆ ಎಂಬ ಹೆಸರಿನ ತೆರಿಗೆಯಿಲ್ಲ. ಅಬಕಾರಿ ಸುಂಕ ಮತ್ತು ಮಾರಾಟ ತೆರಿಗೆಗಳೇ ಆ ಸ್ಥಾನದಲ್ಲಿವೆ. ರಾಜ್ಯ ಸರಕಾರವು ಡೀಸೆಲ್ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 18.44ಕ್ಕೂ, 2025ರ ಏಪ್ರಿಲ್‌ನಲ್ಲಿ ಶೇ. 21.17ಕ್ಕೂ ಏರಿಸಿತು.

ಈ ಭಾರ ಯಾರ ಹೆಗಲಿಗೆ? ಬಸವಕಲ್ಯಾಣದ ಸ್ಥಿತಿವಂತನ ಕಾರಿಗೂ ಹುಮನಾಬಾದಿಗೆ ತರಕಾರಿ ಹೊತ್ತು ಬರುವ ಟೆಂಪೋಗೂ ಲೀಟರೊಂದಕ್ಕೆ ತೆರಿಗೆ ಒಂದೇ. ಹೆಚ್ಚು ಉರಿಸುವ ಸಿರಿವಂತನು ಹೆಚ್ಚು ಹಣ ಕಟ್ಟುತ್ತಾನೆ, ನಿಜ. ಆದರೆ ಅವನ ವರಮಾನದಲ್ಲಿ ಅದು ಚಿಲ್ಲರೆ. ವಾಹನವೇ ಇಲ್ಲದ ಕೂಲಿಕಾರನಾದರೋ, ತೊಗರಿಬೇಳೆ, ತರಕಾರಿಗಳ ಬೆಲೆಯೊಳಗೆ ಅಡಗಿರುವ ಸಾಗಣೆ ವೆಚ್ಚವನ್ನು ದಿನವೂ ತೆರುತ್ತಾನೆ. 2025ರ ಜನವರಿಯಲ್ಲಿ ಬಸ್ ದರವೂ ಶೇ. 15ರಷ್ಟು ಏರಿತು.

ಹಾಗಾದರೆ ತೆರಿಗೆಯೇ ಬೇಡವೇ? ಬೇಕು, ಆದರೆ ಅದು ಬಡವನಿಗೆ ಮರಳಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 2008ರಲ್ಲಿ ಇಂಗಾಲ ತೆರಿಗೆ ಹೇರಿದಾಗ ಕಡಿಮೆ ಆದಾಯದವರಿಗೆ ಹಣ ಮರಳಿಸುವ ವ್ಯವಸ್ಥೆಯನ್ನೂ ಜೊತೆಗೇ ತಂದಿತು. ನಮ್ಮಲ್ಲಿ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರ ಮಟ್ಟಿಗೆ ಇಂತಹ ನೆರವೇ ಸರಿ. ಆದರೆ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟಿನಿಂದೇನು ಫಲ? ಅಲ್ಲಿನ ಕೂಲಿಕಾರನು ದುಬಾರಿ ಪೆಟ್ರೋಲು ಹಾಕಿಸಿ ಹಳೆಯ ಬೈಕನ್ನೇ ಏರಬೇಕು.

ಆದುದರಿಂದ ಇಂಧನ ತೆರಿಗೆಯ ಒಂದು ನಿಶ್ಚಿತ ಪಾಲು ಹಳ್ಳಿಗಳ ಬಸ್ಸುಗಳಿಗೆ ಮೀಸಲಾಗಲಿ. ಬಡವನಿಗೆ ಬೇರೆ ದಾರಿ ತೋರಿಸದೆ ಹೇರುವ ತೆರಿಗೆಯು ಹೊಗೆಯನ್ನು ತಗ್ಗಿಸದು, ಅವನ ತಟ್ಟೆಯ ಅನ್ನವನ್ನು ತಗ್ಗಿಸೀತು.