ನಾಲತವಾಡ ಹೋಬಳಿಯ ಸಾರಿಗೆ ಯೋಜನೆಯನ್ನು ನಾವೇ ಬರೆಯೋಣ



ಬಸ್ಸು ಬೇಕೆಂದು ನಮ್ಮ ವಿಜಯಪುರ ಜಿಲ್ಲೆಯ ಜನ ಕೇಳದ ವರ್ಷವಿಲ್ಲ. ಕಾಲೇಜು ಶುರುವಾದ ತಿಂಗಳಲ್ಲಿ ವಿದ್ಯಾರ್ಥಿಗಳು ರಸ್ತೆ ಮೇಲೆ ಕೂರುತ್ತಾರೆ, ಡಿಪೋದ ಅಧಿಕಾರಿ ಬಂದು ಮನವಿ ಪತ್ರ ಪಡೆಯುತ್ತಾರೆ, ಒಂದು ಟ್ರಿಪ್ ಶುರುವಾಗುತ್ತದೆ. ದೊಡ್ಡ ಜಾತ್ರೆಗೋ ಸಮಾವೇಶಕ್ಕೋ ಆ ಬಸ್ಸು ಬೇರೆಡೆ ಹೋದಾಗ ಟ್ರಿಪ್ ತಪ್ಪುತ್ತದೆ. ಮತ್ತೆ ಮನವಿ, ಮತ್ತೆ ಧರಣಿ. ಇರುವ ಬಸ್ಸುಗಳು ಇಷ್ಟೇ ಆಗಿರುವಾಗ ಒಂದೂರಿಗೆ ಸಿಕ್ಕದ್ದು ಇನ್ನೊಂದೂರಿಗೆ ತಪ್ಪುತ್ತದೆ. ಹೀಗೆ ಊರೂರು ಬೇರೆ ಬೇರೆಯಾಗಿ ಕೇಳುತ್ತಿರುವವರೆಗೆ ಯಾರ ಗೆಲುವೂ ನಿಲ್ಲದು. ನಮ್ಮ ಕೂಗು ಸಣ್ಣದೆಂಬುದು ಇದಕ್ಕೆ ಕಾರಣವಲ್ಲ. ಹೋಬಳಿಯ ಒಟ್ಟು ಓಡಾಟವನ್ನು ಒಂದೇ ಕಾಗದದ ಮೇಲಿಟ್ಟು ನಾವು ಯಾರೂ ಲೆಕ್ಕ ಮಾಡದಿರುವುದೇ ಕಾರಣ. ಯಾವ ಊರಿನವರು ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು, ಅದಕ್ಕೆ ಎಷ್ಟು ಗಾಡಿ ಬೇಕು, ಯಾವ ರಸ್ತೆ ಮೊದಲು ಸರಿಯಾಗಬೇಕು ಎಂಬುದನ್ನು ನಾವೇ ಬರೆದು, ಪಂಚಾಯಿತಿಗಳ ಠರಾವು ಮಾಡಿಸಿ, ಸರ್ಕಾರದ ಮುಂದಿಡಬೇಕು. ಈ ಕರಪತ್ರ ಹೇಳುವ ಮಾತು ಇದೊಂದೇ.

ನಾಲತವಾಡಕ್ಕೇ ಇಂಥ ಯೋಜನೆ ಏಕೆ ಬೇಕೆಂಬುದನ್ನು ನಕ್ಷೆಯೇ ಹೇಳುತ್ತದೆ. ನಮ್ಮ ಊರು ಮುದ್ದೇಬಿಹಾಳದಿಂದ ನಾರಾಯಣಪುರಕ್ಕೆ ಹೋಗುವ ದಾರಿಯ ಮೇಲಿದೆ. ನಾರಾಯಣಪುರ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿನದು. ಕೃಷ್ಣೆ ದಾಟಿದರೆ ಒಂದು ಕಡೆ ರಾಯಚೂರು ಜಿಲ್ಲೆಯ ಲಿಂಗಸುಗೂರು, ಇನ್ನೊಂದು ಕಡೆ ಬಾಗಲಕೋಟೆ ಜಿಲ್ಲೆಯ ಹುನಗುಂದ. ನಾಲ್ಕು ಜಿಲ್ಲೆಗಳು ಕೂಡುವ ಮೂಲೆಯಿದು. ಬಸ್ಸಿನ ಲೆಕ್ಕದಲ್ಲಿ ನಾವು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಜಯಪುರ ವಿಭಾಗಕ್ಕೆ ಸೇರಿದವರು. ಹುಣಸಗಿ, ಲಿಂಗಸುಗೂರುಗಳು ಅದೇ ನಿಗಮದ ಬೇರೆ ವಿಭಾಗಗಳಿಗೆ ಸೇರಿದವು. ಹುನಗುಂದವಂತೂ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಪಾಲು. ಪ್ರತಿ ವಿಭಾಗವೂ ತನ್ನ ಜಿಲ್ಲಾ ಕೇಂದ್ರದಲ್ಲಿ ಕೂತು ವೇಳಾಪಟ್ಟಿ ಮಾಡುತ್ತದೆ, ತನ್ನ ಡಿಪೋದಿಂದ ಗಾಡಿ ಬಿಡುತ್ತದೆ. ಹಾಗಾಗಿ ಎಲ್ಲರ ಪಟ್ಟಿಯಲ್ಲೂ ಈ ಮೂಲೆಯ ಹಳ್ಳಿಗಳು ಕೊನೆಯ ಸ್ಟೇಜು. ಬಸ್ಸು ಕಡಿಮೆಯಾದ ದಿನ ಮೊದಲು ಕತ್ತರಿ ಬೀಳುವುದು ಕೊನೆಯ ಸ್ಟೇಜಿಗೇ. ಅದೇ ನಕ್ಷೆಯನ್ನು ನಾಲತವಾಡದಲ್ಲಿ ನಿಂತು ನೋಡಿದರೆ ಮುದ್ದೇಬಿಹಾಳ, ತಾಳಿಕೋಟಿ, ನಾರಾಯಣಪುರ ಮೂರೂ ನಮ್ಮ ನಿತ್ಯದ ಓಡಾಟದ ಅಳತೆಯಲ್ಲಿ ಸಿಗುತ್ತವೆ. ಕಚೇರಿ-ಕೋರ್ಟಿನ ಕೆಲಸಕ್ಕೆ ಒಂದೂರು, ಪೇಟೆಗೆ ಇನ್ನೊಂದೂರು, ಬೀಗರ ಮನೆಗೆ ಮತ್ತೊಂದೂರು: ಜನರ ಬದುಕು ವಿಭಾಗದ ಗಡಿ ನೋಡಿ ನಡೆಯುವುದಿಲ್ಲ. ಗಡಿ ದಾಟುವ ಈ ಓಡಾಟದ ಲೆಕ್ಕವನ್ನು ಗಡಿಯಲ್ಲಿ ಇರುವವರೇ ಮಾಡಬೇಕು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಸಂವಿಧಾನದ 371(ಜೆ) ವಿಧಿಯ ಅನುಕೂಲ ನೆರೆಯ ಯಾದಗಿರಿ, ರಾಯಚೂರು ಜಿಲ್ಲೆಗಳಿಗಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಅವುಗಳಿಗಿದೆ. ವಿಜಯಪುರ ಜಿಲ್ಲೆ ಬೆಳಗಾವಿ ಕಂದಾಯ ವಿಭಾಗದಲ್ಲಿದೆ, ಈ ಅನುಕೂಲವಿರುವ ಜಿಲ್ಲೆಗಳ ಪಟ್ಟಿಯಲ್ಲಿಲ್ಲ. ನಮ್ಮೂರಿಗೆ ಬರುವ ಬಸ್ಸಿನ ಮೇಲೆ ಕಲ್ಯಾಣ ಕರ್ನಾಟಕವೆಂದು ಬರೆದಿರುತ್ತದೆ, ಆದರೆ ಆ ಹೆಸರಿನ ಅನುದಾನ ಕೇಳುವ ಹಕ್ಕು ನಮಗಿಲ್ಲ. ವಿಶೇಷ ನಿಧಿಯ ಬೆಂಬಲವಿಲ್ಲದ ಊರು ತನ್ನ ಅಗತ್ಯವನ್ನು ಅಂಕಿ-ಅಂಶದಿಂದಲೇ ಸಾಬೀತು ಮಾಡಬೇಕಾಗುತ್ತದೆ.

ಈಗ ಪುರಾವೆಯ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಮಹಿಳೆಯರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಉಚಿತವಾದರೂ ಪ್ರತಿ ಮಹಿಳೆಗೂ ಶೂನ್ಯ ದರದ ಟಿಕೆಟ್ ಹರಿಯುತ್ತಾರೆ. ಎಲ್ಲಿ ಹತ್ತಿದರು, ಎಲ್ಲಿ ಇಳಿಯುತ್ತಾರೆ ಎಂಬುದು ಟಿಕೆಟ್ ಮಷಿನ್ನಿನಲ್ಲಿ ದಾಖಲಾಗುತ್ತದೆ. ಅಂದರೆ ನಾಲತವಾಡ ಸ್ಟೇಜಿನಲ್ಲಿ ಯಾವ ಬಸ್ಸಿಗೆ ಎಷ್ಟು ಜನ ಹತ್ತಿದರೆಂಬ ಲೆಕ್ಕ ನಿಗಮದಲ್ಲಿದೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನು ಕೇಳಬಹುದು. ಆದರೆ ಆ ಲೆಕ್ಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬಸ್ಸು ಹತ್ತಿದವರು ಮಷಿನ್ನಿಗೆ ಗೊತ್ತು; ನಿಲ್ಲಿಸದೆ ಹೋದ ಬಸ್ಸಿಗೆ ಕೈ ಮಾಡಿದವರು, ಸಂಜೆ ತಿರುಗಿ ಬರಲು ಬಸ್ಸಿಲ್ಲವೆಂದು ಕಾಲೇಜು ಬಿಟ್ಟ ಹುಡುಗಿಯರು, ಕಾಯಿಲೆಯಿದ್ದೂ ದವಾಖಾನೆಗೆ ಹೋಗುವುದನ್ನು ಮುಂದೂಡಿದ ಮುದುಕರು ಯಾವ ಮಷಿನ್ನಿನಲ್ಲೂ ಇಲ್ಲ. ಬಸ್ಸೇ ಹೋಗದ ಊರಿನ ಹೆಣ್ಣುಮಗಳಿಗೆ ಉಚಿತ ಪ್ರಯಾಣದಿಂದ ಬಂದದ್ದಾದರೂ ಏನು? ಈ ಉಳಿದರ್ಧವನ್ನು ಮನೆಮನೆಗೆ ಹೋಗಿ ಕೇಳಿಯೇ ತಿಳಿಯಬೇಕು, ಅದನ್ನು ಊರಿನವರಲ್ಲದೆ ಬೇರೆ ಯಾರೂ ಮಾಡಲಾರರು.

ಯೋಜನೆಯೆಂದರೆ ದಪ್ಪ ಪುಸ್ತಕವಾಗಬೇಕಿಲ್ಲ. ಮೊದಲನೆಯದು ಎಣಿಕೆ: ನಾಗಬೇನಾಳ, ಬಿಜ್ಜೂರ, ಲೊಟಗೇರಿ, ಆಲೂರ, ಕವಡಿಮಟ್ಟಿ, ಹೀಗೆ ಒಂದೊಂದೂರಿನಿಂದ ಶಾಲೆ-ಕಾಲೇಜಿಗೆ, ಕೂಲಿಗೆ, ಸಂತೆಗೆ, ದವಾಖಾನೆಗೆ ಹೋಗುವವರೆಷ್ಟು, ಯಾವ ಹೊತ್ತಿಗೆ, ಏನು ಖರ್ಚಿನಲ್ಲಿ. ಸುಗ್ಗಿಯ ದಿನಗಳ ಓಡಾಟವೇ ಬೇರೆ, ಗುಳೆ ಹೋದವರು ಹಬ್ಬಕ್ಕೆ ತಿರುಗಿ ಬರುವಾಗಿನ ಓಡಾಟವೇ ಬೇರೆ, ಎರಡನ್ನೂ ಎಣಿಸಬೇಕು. ಎರಡನೆಯದು ಜೋಡಣೆ. ಹಳ್ಳಿಯಿಂದ ಹೊರಟ ಬಸ್ಸು ಮುದ್ದೇಬಿಹಾಳ ಮುಟ್ಟುವ ಐದು ನಿಮಿಷ ಮೊದಲು ವಿಜಯಪುರದ ಬಸ್ಸು ಬಿಟ್ಟುಹೋದರೆ ಎರಡೂ ಬಸ್ಸು ಇದ್ದೂ ಇಲ್ಲದಂತೆ. ಇದನ್ನು ಸರಿಪಡಿಸಲು ಹೊಸ ಗಾಡಿ ಬೇಡ, ವೇಳಾಪಟ್ಟಿ ತಿದ್ದಿದರೆ ಸಾಕು. ಮೂರನೆಯದು ವಸ್ತಿ ಬಸ್ಸು. ರಾತ್ರಿ ಊರಲ್ಲೇ ನಿಂತು ನಸುಕಿನಲ್ಲಿ ಹೊರಡುವ ಬಸ್ಸಿನಿಂದ ಕಾಲೇಜಿನವರಿಗೂ ಜಿಲ್ಲಾ ಆಸ್ಪತ್ರೆಗೆ ಹೋಗುವವರಿಗೂ ದಿನವೊಂದು ಪೂರ್ತಿ ಕೈಗೆ ಸಿಗುತ್ತದೆ. ಆದರೆ ಡ್ರೈವರ್-ಕಂಡಕ್ಟರ್ ಮಲಗಲು ಕೋಣೆ, ನೀರು, ಶೌಚಾಲಯ ಇಲ್ಲದ ಊರಿನಲ್ಲಿ ವಸ್ತಿ ಉಳಿಯದು. ನಾಲ್ಕನೆಯದು ಹೊಣೆಗಾರಿಕೆ: ಯಾವ ಕೆಲಸ ನಿಗಮದ್ದು, ಯಾವುದು ಲೋಕೋಪಯೋಗಿ ಇಲಾಖೆಯದು, ಯಾವುದು ಪಂಚಾಯಿತಿಯದು, ಎಷ್ಟು ದಿನದಲ್ಲಿ ಆಗಬೇಕು ಎಂದು ಎದುರೆದುರಿಗೆ ಬರೆದಿಡುವುದು.

ಪಂಚಾಯಿತಿಗೆ ಸಾರಿಗೆ ಯೋಜನೆ ಮಾಡುವ ಅಧಿಕಾರ ಎಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಬಸ್ಸು ಓಡಿಸುವ ಅಧಿಕಾರ ಖಂಡಿತ ನಿಗಮದ್ದು. ಆದರೆ ಸಂವಿಧಾನದ 11ನೇ ಅನುಸೂಚಿ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ; ರಸ್ತೆ, ಕಿರುಸೇತುವೆ, ಸೇತುವೆ, ದೋಣಿ ಮತ್ತಿತರ ಸಂಪರ್ಕ ಸಾಧನಗಳು ಅದರಲ್ಲಿವೆ. ಪಟ್ಟಣಗಳಿಗಾಗಿ ಇರುವ 12ನೇ ಅನುಸೂಚಿಯಲ್ಲಿ ಬಸ್ ನಿಲ್ದಾಣದ ಹೆಸರೇ ಇದೆ. ಗ್ರಾಮ ಮತ್ತು ಪಟ್ಟಣಗಳು ಮಾಡಿದ ಯೋಜನೆಗಳನ್ನು ಕೂಡಿಸಿ ಜಿಲ್ಲೆಯ ಕರಡು ಯೋಜನೆ ತಯಾರಿಸುವುದು ಜಿಲ್ಲಾ ಯೋಜನಾ ಸಮಿತಿಯ ಕೆಲಸವೆಂದು 243ಝಡ್‌ಡಿ ವಿಧಿ ಹೇಳುತ್ತದೆ. ಹಳ್ಳಿ ಮತ್ತು ಪಟ್ಟಣ ಎರಡಕ್ಕೂ ಬೇಕಾದ ಸಾರಿಗೆಗೆ ಆ ಸಮಿತಿಗಿಂತ ತಕ್ಕ ಜಾಗ ಬೇರೆಯಿಲ್ಲ. ಇಂಗ್ಲೆಂಡಿನಲ್ಲಿ 2000ದ ಸಾರಿಗೆ ಕಾಯ್ದೆ ಸ್ಥಳೀಯ ಸಾರಿಗೆ ಯೋಜನೆ ಬರೆದಿಡುವುದನ್ನು ಅಲ್ಲಿನ ಸ್ಥಳೀಯ ಪ್ರಾಧಿಕಾರಗಳ ಕರ್ತವ್ಯವನ್ನಾಗಿಯೇ ಮಾಡಿತು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ, ಆದರೆ ಬರೆಯಬೇಡಿ ಎಂದು ಯಾವ ಕಾನೂನೂ ಹೇಳಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನಷ್ಟದ್ದು. ಹಳ್ಳಿ ಮಾರ್ಗದಲ್ಲಿ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ, ನಿಗಮ ಎಷ್ಟೆಂದು ಹೊರಬೇಕು ಎನ್ನುತ್ತಾರೆ. ನಿಗಮದ ಕಷ್ಟ ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ಲಾಭ-ನಷ್ಟವನ್ನು ಒಂದೊಂದೇ ಮಾರ್ಗದ ಮೇಲೆ ಕಿಲೋಮೀಟರಿಗೆ ಇಷ್ಟೆಂದು ತೂಗಿದರೆ, ಹಳ್ಳಿಯ ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಬಂದು ಅಲ್ಲಿಂದ ವಿಜಯಪುರ, ಹುಬ್ಬಳ್ಳಿ, ಬೆಂಗಳೂರಿನ ಬಸ್ಸು ಹತ್ತಿದವನ ಹಣವೆಲ್ಲ ದೊಡ್ಡ ಮಾರ್ಗದ ಖಾತೆಗೇ ಸೇರುತ್ತದೆ, ಅವನನ್ನು ತಂದುಕೊಟ್ಟ ಸಣ್ಣ ಮಾರ್ಗ ನಷ್ಟದ್ದೆನಿಸುತ್ತದೆ. ಹೊಲಗಾಲುವೆಯನ್ನು ಮುಚ್ಚಿ ದೊಡ್ಡ ಕಾಲುವೆಯ ನೀರನ್ನಷ್ಟೇ ಅಳೆದಂತಾಯಿತು ಇದು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿಗೂ ಸರ್ಕಾರ ನಿಗಮಕ್ಕೆ ಹಣ ಕೊಡಬೇಕಾದ್ದರಿಂದ, ಬಸ್ಸಿನಲ್ಲಿರುವ ಹೆಂಗಸರನ್ನು ಬಿಟ್ಟಿ ಪ್ರಯಾಣಿಕರೆಂದು ಲೆಕ್ಕದಿಂದ ಕೈಬಿಡುವುದೂ ತಪ್ಪು. ಇಷ್ಟಾಗಿಯೂ ಉಳಿಯುವ ನಷ್ಟವನ್ನು ಹಂಚಿಕೊಳ್ಳುವ ದಾರಿಯಿದೆ. ಕೇರಳದಲ್ಲಿ 2022ರ ಜುಲೈನಲ್ಲಿ ಗ್ರಾಮವಂಡಿ ಎಂಬ ಯೋಜನೆ ಶುರುವಾಯಿತು: ಇಂಧನದ ಖರ್ಚು ಸ್ಥಳೀಯ ಸಂಸ್ಥೆಯದು, ಬಸ್ಸು ಮತ್ತು ಸಿಬ್ಬಂದಿ ಸಾರಿಗೆ ನಿಗಮದ್ದು, ಮಾರ್ಗ ಮತ್ತು ವೇಳೆ ಸ್ಥಳೀಯ ಸಂಸ್ಥೆ ಹೇಳಿದಂತೆ. ಕೇರಳದ ಪಂಚಾಯಿತಿಗಳಿಗಿರುವಷ್ಟು ಹಣ ನಮ್ಮವಕ್ಕಿಲ್ಲ, ಡೀಸೆಲ್ಲಿನ ಭಾರವನ್ನು ಇಲ್ಲಿ ಹೊರಿಸುವುದು ಸರಿಯೂ ಅಲ್ಲ. ಆದರೆ ಪಾಲು ಕೊಟ್ಟವರ ಮಾತಿಗೆ ಬೆಲೆ ಬರುತ್ತದೆಂಬ ಅದರ ತತ್ವ ನಮಗೂ ಸಲ್ಲುತ್ತದೆ. ವಸ್ತಿಯ ಕೋಣೆ, ನಿಲ್ದಾಣದ ನೆರಳು, ಬಸ್ಸು ತಿರುಗಲು ಜಾಗ, ದಾರಿಗೆ ಬಾಗಿದ ಜಾಲಿಕಂಟಿ ಸವರುವ ಕೆಲಸ: ಇವು ನಮ್ಮ ಪಾಲು.

ಟಂಟಂ, ಕ್ರೂಸರ್‌ಗಳಿವೆ, ಮನೆಗೊಂದು ಬೈಕ್ ಬಂದಿದೆ, ಬಸ್ಸಿನ ಮಾತೇಕೆ ಎನ್ನುವವರೂ ಇದ್ದಾರೆ. ಮನೆಯ ಬೈಕು ಸಾಮಾನ್ಯವಾಗಿ ದುಡಿಯುವ ಗಂಡಸಿನ ಜೊತೆ ಹೊರಗೆ ಹೋಗಿರುತ್ತದೆ. ಹಗಲು ಮನೆಯಲ್ಲಿ ಉಳಿದ ಹೆಂಗಸರು, ಮಕ್ಕಳು, ವಯಸ್ಸಾದವರಿಗೆ ಅದು ಇಲ್ಲದ ಹಾಗೆಯೇ. ಟಂಟಂನವರು ಬಸ್ಸು ಮುಟ್ಟದ ಕಡೆ ಜನರನ್ನು ಮುಟ್ಟಿಸುತ್ತಿದ್ದಾರೆ, ಅದು ಅವರ ಹೊಟ್ಟೆಪಾಡು. ಅವರನ್ನು ಓಡಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಸೀಟು ತುಂಬುವವರೆಗೆ ಹೊರಡದ, ಮಿತಿ ಮೀರಿ ಜನ ಹೇರುವ, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುವ ಪ್ರಯಾಣವನ್ನೇ ಸಾರಿಗೆ ವ್ಯವಸ್ಥೆಯೆಂದು ಒಪ್ಪಿಕೊಳ್ಳಲಾಗದು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ, 67ನೇ ಕಲಮಿನಡಿ ಗ್ರಾಮೀಣ ಸಾರಿಗೆಗಾಗಿ ರಾಜ್ಯ ಸರ್ಕಾರ ಪ್ರತ್ಯೇಕ ಸ್ಕೀಮು ಮಾಡಿ ಪರವಾನಗಿ ಕೊಡಬಹುದು. ದೊಡ್ಡ ಬಸ್ಸು ತಿರುಗಲಾಗದ ಊರುಗಳಿಂದ ನಾಲತವಾಡದ ನಿಲ್ದಾಣದವರೆಗೆ, ಗೊತ್ತಾದ ವೇಳೆ ಮತ್ತು ಗೊತ್ತಾದ ದರದಲ್ಲಿ, ವಿಮೆಯ ಸಮೇತ ಇದೇ ಗಾಡಿಗಳು ಓಡಲಿ. ಚಾಲಕರಿಗೆ ಪೊಲೀಸರ ಭಯ ತಪ್ಪುತ್ತದೆ, ಪ್ರಯಾಣಿಕರಿಗೆ ಭರವಸೆ ಸಿಗುತ್ತದೆ.

ಮೊದಲು ರಸ್ತೆಯಾಗಲಿ, ಬಸ್ಸು ತಾನಾಗಿ ಬರುತ್ತದೆ ಎಂಬ ವಾದವನ್ನು ಅನುಭವ ಒಪ್ಪುವುದಿಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರ್ 25ರಂದು. ಅಂದಿನಿಂದ ಹಳ್ಳಿಗಳಿಗೆ ಡಾಂಬರು ಬಂದಿದೆ, ಆದರೆ ಡಾಂಬರು ಬಂದ ಎಲ್ಲ ಹಳ್ಳಿಗೂ ಬಸ್ಸು ಬಂದಿಲ್ಲ. ರಸ್ತೆಯ ಹಣ ಒಂದು ಇಲಾಖೆಯದು, ಬಸ್ಸಿನದು ಇನ್ನೊಂದರದ್ದು. ಎರಡನ್ನೂ ಕೂಡಿಸುವ ಕಾಗದವೇ ಸಾರಿಗೆ ಯೋಜನೆ. ಅದಿದ್ದರೆ ಯಾವ ಗುಂಡಿ ಮುಚ್ಚಿದರೆ, ಯಾವ ಹಳ್ಳಕ್ಕೆ ಕಿರುಸೇತುವೆ ಕಟ್ಟಿದರೆ ಹೆಚ್ಚು ಜನರಿಗೆ ಬಸ್ಸು ಸಿಗುತ್ತದೆಂದು ತೋರಿಸಿ ರಸ್ತೆಯ ಹಣವನ್ನೂ ಕೇಳಬಹುದು. ರೈಲಿನ ಮಾತೂ ಹಾಗೆಯೇ. ಆಲಮಟ್ಟಿ–ಯಾದಗಿರಿ ರೈಲು ಮಾರ್ಗ ಈ ಭಾಗದ ಬಹುಕಾಲದ ಬೇಡಿಕೆ, ಅದು ಈಡೇರಲೇಬೇಕು. ಆದರೆ ಇವತ್ತು ಪಿಯುಸಿ ಸೇರಿದ ಮಗು ಹಳಿ ಬೀಳುವವರೆಗೆ ಕಾಯಲಾರದು. ನಾಳೆ ರೈಲು ಬಂದರೂ ಹಳ್ಳಿಯಿಂದ ಸ್ಟೇಶನ್ ಮುಟ್ಟಲು ಇದೇ ಬಸ್ಸು ಬೇಕು.

ಆದ್ದರಿಂದ ನಮ್ಮ ಒತ್ತಾಯಗಳು ಇವು. ನಾಲತವಾಡ ಪಟ್ಟಣ ಪಂಚಾಯಿತಿಯೂ ಹೋಬಳಿಯ ಗ್ರಾಮ ಪಂಚಾಯಿತಿಗಳೂ ಸೇರಿ ಒಂದು ಜಂಟಿ ಸಾರಿಗೆ ಸಮಿತಿ ರಚಿಸಲಿ. ಅದರಲ್ಲಿ ವಿದ್ಯಾರ್ಥಿನಿಯರು, ಕೃಷಿ ಕೂಲಿಕಾರರು, ಆಶಾ ಕಾರ್ಯಕರ್ತೆಯರು, ಅಂಗವಿಕಲರು, ಟಂಟಂ ಚಾಲಕರು ಇರಲೇಬೇಕು. ಎಣಿಕೆಯ ಕೆಲಸಕ್ಕೆ ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳ ನೆರವು ಪಡೆಯಲಿ. ಮುದ್ದೇಬಿಹಾಳ ಮತ್ತು ತಾಳಿಕೋಟಿ ಡಿಪೋಗಳು ನಮ್ಮ ಸ್ಟೇಜುಗಳ ಟಿಕೆಟ್ ಲೆಕ್ಕವನ್ನು ಸಮಿತಿಗೆ ಕೊಡಲಿ. ಸಿದ್ಧವಾದ ಯೋಜನೆಗೆ ಗ್ರಾಮಸಭೆಗಳ ಒಪ್ಪಿಗೆ ಪಡೆದು ಜಿಲ್ಲಾ ಯೋಜನಾ ಸಮಿತಿಗೂ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ, ನಿಗಮದ ವಿಭಾಗೀಯ ಕಚೇರಿಗೂ ಸಲ್ಲಿಸಲಿ. ನೆರೆಯ ಮೂರು ಜಿಲ್ಲೆಗಳ ವಿಭಾಗಗಳ ಜೊತೆ ವರ್ಷಕ್ಕೊಮ್ಮೆಯಾದರೂ ಗಡಿ ಮಾರ್ಗಗಳ ಸಭೆ ನಡೆಯಲಿ.

ಬಂಧುಗಳೇ, ಈ ಕರಪತ್ರ ಓದಿದವರು ಮಾಡಬೇಕಾದ ಕೆಲಸ ಸಣ್ಣದು. ನಿಮ್ಮ ಮನೆಯಲ್ಲಿ ಯಾರು, ಯಾವ ಹೊತ್ತಿಗೆ, ಎಲ್ಲಿಗೆ ಹೋಗಬೇಕು, ಬಸ್ಸಿಲ್ಲದ್ದರಿಂದ ಏನು ತಪ್ಪಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ವಾರ್ಡಿನ ಸದಸ್ಯರ ಕೈಗೆ ಕೊಡಿರಿ, ಬರೆಯಲು ಬಾರದವರಿಗೆ ಬರೆದುಕೊಡಿರಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಬಂದು, ಸಾರಿಗೆ ಸಮಿತಿಯ ವಿಷಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಪಡೆಯಿರಿ. ಬಾಯಿಮಾತಿನ ಆಶ್ವಾಸನೆ ಅಧಿಕಾರಿ ಬದಲಾದೊಡನೆ ಮರೆತುಹೋಗುತ್ತದೆ. ಊರೆಲ್ಲ ಸೇರಿ ಬರೆದ ಯೋಜನೆಗೆ ಹೊಸದಾಗಿ ಬಂದ ಅಧಿಕಾರಿಯೂ ಉತ್ತರ ಕೊಡಬೇಕಾಗುತ್ತದೆ.

ನಾಲತವಾಡ ಹೋಬಳಿಯ ಪ್ರಯಾಣಿಕರ ಪರವಾಗಿ