ದುರ್ಗಗಳಿಗೂ ಬೇಕು ದಾಸ್ತಾನು ಪುಸ್ತಕ

ಮೇಲೂರಿನ ಬೆಳೆಗಾರರು ಶಿಡ್ಲಘಟ್ಟದ ಮಾರುಕಟ್ಟೆಗೆ ತರುವ ರೇಷ್ಮೆಗೂಡಿನ ಪ್ರತಿ ಲಾಟಿನ ತೂಕ, ದರ, ಕೊಂಡವರ ವಿವರ ತಪ್ಪದೆ ದಾಖಲಾಗುತ್ತವೆ. ಆದರೆ ಅದೇ ಮೇಲೂರಿನ ಸುತ್ತ ನಿಂತಿರುವ ಪುರಾತನ ಆಸ್ತಿಗೆ ಈ ಶ್ರದ್ಧೆ ಸಲ್ಲುತ್ತಿಲ್ಲ. ಪಶ್ಚಿಮಕ್ಕೆ ನಂದಿದುರ್ಗ, ಪೂರ್ವಕ್ಕೆ ಚಿಂತಾಮಣಿ ಕಡೆಯ ಅಂಬಾಜಿದುರ್ಗ ಮತ್ತು ರಹಮಾನ್‌ಗಡ, ಉತ್ತರಕ್ಕೆ ಪಾಳೆಯಗಾರ ಬೈರೇಗೌಡನ ಗುಡಿಬಂಡೆ ಕೋಟೆ. ಇವುಗಳ ಕಲ್ಲುಗಳನ್ನು ಎಣಿಸಿಡುವವರು ಯಾರು?

ಕೋಟೆಗಳ ದಾಖಲೆ ಪಂಡಿತರ ಕೆಲಸ, ವ್ಯಾಪಾರಿಗಳಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಸರಿಯಲ್ಲ. ಮುಂಬಯಿ–ಠಾಣೆ ರೈಲುಮಾರ್ಗದ ಆರಂಭದ ಕಾರ್ಯದಲ್ಲಿ ದುಡಿದ ಇಂಜಿನಿಯರ್ ಜಾರ್ಜ್ ಥಾಮಸ್ ಕ್ಲಾರ್ಕ್, ತಾಯ್ನಾಡಿಗೆ ಮರಳಿದ ಬಳಿಕ ವೇಲ್ಸ್‌ನ ಡೌಲಾಯ್ಸ್ ಕಬ್ಬಿಣದ ಕಾರ್ಖಾನೆಯ ಆಡಳಿತ ಹೊತ್ತವರು. ಕಾರ್ಖಾನೆಯ ಹೊಣೆಯ ನಡುವೆಯೂ ಅವರು ಕೋಟೆಗಳನ್ನು ಸುತ್ತಿ, ಅಳೆದು, ನಕ್ಷೆ ಬರೆದರು. ಆ ದೀರ್ಘ ಆಸಕ್ತಿಯ ಫಲವಾಗಿ 1884ರಲ್ಲಿ ಇಂಗ್ಲೆಂಡಿನ ಮಧ್ಯಯುಗದ ಕೋಟೆಗಳ ಕುರಿತ ಎರಡು ಸಂಪುಟಗಳು ಹೊರಬಂದವು. ಅವರ ತೀರ್ಮಾನಗಳಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ತಿದ್ದಿದರೂ ಅಳತೆ ಮತ್ತು ನಕ್ಷೆಗಳ ಬೆಲೆ ಕುಗ್ಗಲಿಲ್ಲ. ಅಳೆಯುವುದು, ಬರೆದಿಡುವುದು ಉದ್ಯಮಿಗೆ ಸಹಜ ಗುಣವಲ್ಲವೇ?

ಈ ಸೀಮೆಗೂ ಅಂತಹ ಪರಂಪರೆಯಿದೆ. 1791ರ ಯುದ್ಧದಲ್ಲಿ ರಹಮಾನ್‌ಗಡವೂ, ಅಕ್ಟೋಬರ್ 19ರಂದು ನಂದಿದುರ್ಗವೂ ಬ್ರಿಟಿಷರ ವಶವಾದವು. ಸೇನೆಯೊಡನೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ದೃಶ್ಯಗಳನ್ನು ಬರೆದು 1794ರಲ್ಲಿ ಪ್ರಕಟಿಸಿದರು. ಬಿ. ಎಲ್. ರೈಸ್ ಅವರ ಕೋಲಾರ ಜಿಲ್ಲೆಯ ಶಾಸನ ಸಂಪುಟ 1905ರಲ್ಲಿ ಮುದ್ರಣವಾಯಿತು; ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆ ಅಂದು ಅದರ ಭಾಗವಾಗಿತ್ತು. ಅಂದು ಬರೆದಿಟ್ಟದ್ದು ಇಂದಿಗೂ ಕೈಗೆ ಸಿಗುತ್ತಿದೆ; ಬರೆದಿಡದ ಗೋಡೆ ಬಿದ್ದರೆ ಅದು ಇತ್ತೆಂಬುದಕ್ಕೂ ಸಾಕ್ಷಿಯಿರದು.

ನಿಧಿಯಾಸೆಯ ಅಗೆತ, ಮನೆಕಟ್ಟಲು ಕಲ್ಲು ಸಾಗಣೆ, ಕಲ್ಲುಗಣಿಗಾರಿಕೆ ಇವು ಬೆಟ್ಟದ ಕೋಟೆಗಳ ಶತ್ರುಗಳು. 2025ರಲ್ಲಿ ಯುನೆಸ್ಕೋ ಮರಾಠಾ ಸೇನಾ ನೆಲೆಗಳೆಂದು ಹನ್ನೆರಡು ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ತಮಿಳುನಾಡಿನ ಸೆಂಜಿಯೂ ಅವುಗಳಲ್ಲೊಂದು. ನಕ್ಷೆ, ಗಡಿ, ವಿವರಗಳಿಲ್ಲದೆ ಇಂತಹ ಮನ್ನಣೆಗೆ ಅರ್ಜಿಯನ್ನೇ ಸಲ್ಲಿಸಲಾಗದು.

ಇದು ಸರ್ಕಾರದ ಕೆಲಸ, ಇದರಿಂದ ವ್ಯಾಪಾರಕ್ಕೇನು ಲಾಭ ಎಂದು ಕೇಳುವವರುಂಟು. ರಕ್ಷಣೆ ಸರ್ಕಾರದ್ದೇ, ನಿಜ. ಆದರೆ ನಂದಿಬೆಟ್ಟದಲ್ಲಿ ಸೂರ್ಯೋದಯ ಕಂಡು ಬೆಂಗಳೂರಿಗೆ ಹಿಂತಿರುಗುವ ಪ್ರವಾಸಿಗೆ ಗುಡಿಬಂಡೆಯ ಬಂಡೆಗಳ ನಡುವೆ ಮಳೆನೀರು ಹಿಡಿಯುವ ದೊಣೆಗಳ ಕಥೆಯನ್ನೂ, ಮೇಲೂರಿನ ಸುತ್ತಣ ರೇಷ್ಮೆಯ ಕಸುಬನ್ನೂ ತಿಳಿಸುವವರಿದ್ದರೆ, ಆತನ ಹಣದ ಒಂದಂಶ ಇಲ್ಲಿಯ ಹೋಟೆಲು, ಅಂಗಡಿ, ವಾಹನ ಮಾಲೀಕರಿಗೆ ಸಂದೀತು. ಹಾಗೆಂದು ದಾಖಲೆಗೆ ಮೊದಲೇ ಅಂಗಡಿ ಏಳಬಾರದು. ಲೆಕ್ಕವಿಡದ ಸರಕಿಗೆ ಗಿರಾಕಿಯನ್ನು ಕರೆಯುವುದು ನಷ್ಟದ ದಾರಿ.

ವರ್ತಕ ಸಂಘಗಳು ವರ್ಷಕ್ಕೊಂದು ಕೋಟೆಯನ್ನು ಆಯ್ದು, ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಪಡೆದು, ಸ್ಥಳೀಯ ಇಂಜಿನಿಯರಿಂಗ್ ಮತ್ತು ಇತಿಹಾಸ ವಿದ್ಯಾರ್ಥಿಗಳಿಗೆ ಅಳತೆ, ಛಾಯಾಚಿತ್ರ, ಪ್ರಯಾಣದ ವೆಚ್ಚ ಭರಿಸಲಿ. ಒಂದು ಪ್ರತಿ ಇಲಾಖೆಗೆ, ಒಂದು ಪಂಚಾಯಿತಿಗೆ, ಒಂದು ಶಾಲೆಗೆ ಸೇರಲಿ. ವರ್ಷಾಂತ್ಯಕ್ಕೆ ಅಂಗಡಿಯ ದಾಸ್ತಾನು ಎಣಿಸದೆ ಮಲಗದ ವ್ಯಾಪಾರಿ, ಹಿರಿಯರು ಬಿಟ್ಟುಹೋದ ಈ ದಾಸ್ತಾನನ್ನೂ ಒಮ್ಮೆ ಎಣಿಸುವುದು ನ್ಯಾಯ.